ಕಂಪ್ಯೂಟರ್ ಜಾಲದ ಸಂಚಾರ ಕಾಯುವ ಸ್ವಿಚ್: ಏನನ್ನು ನೋಡಬಹುದು, ಯಾರು ನೋಡಬೇಕು?

ಚರ್ಚ್ ಕಚೇರಿ, ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯ ಎಲ್ಲಿಗೆ ಹೋದರೂ ಇಂದು ಮೂಲೆಯೊಂದರಲ್ಲಿ ಹಸಿರು ದೀಪ ಮಿನುಗುವ ಚಿಕ್ಕ ಪೆಟ್ಟಿಗೆಯೊಂದು ಕಾಣಸಿಗುತ್ತದೆ. ಅದರ ಹೆಸರು ಸ್ವಿಚ್. ದೀಪ ಹಚ್ಚುವ ಸ್ವಿಚ್ಚಿಗೂ ಇದಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. ಕಚೇರಿಯ ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿ ಕ್ಯಾಮೆರಾ, ವೈ-ಫೈ ಪೆಟ್ಟಿಗೆ ಇವೆಲ್ಲದರ ತಂತಿಗಳು ಬಂದು ಕೂಡುವ ಸ್ಥಳ ಇದು. ಇಲ್ಲಿಂದ ಒಂದೇ ತಂತಿ ರೌಟರಿಗೆ ಹೋಗಿ, ಅಲ್ಲಿಂದ ಹೊರಗಿನ ಅಂತರಜಾಲವನ್ನು ಸೇರುತ್ತದೆ.

ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಈ ಪೆಟ್ಟಿಗೆಯ ನೆನಪು ಯಾರಿಗೂ ಆಗುವುದಿಲ್ಲ. ಶಾಲೆಯಲ್ಲಿ ಆನ್‌ಲೈನ್ ಪ್ರವೇಶಾತಿಯ ಕೊನೆಯ ದಿನವೇ ಜಾಲ ನಿಧಾನವಾದರೆ, ಆಸ್ಪತ್ರೆಯ ಬಿಲ್ ವಿಭಾಗದ ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಂತರೆ ಆಗ ಗೊಂದಲ ಶುರುವಾಗುತ್ತದೆ. ದೋಷ ಅಂತರಜಾಲ ಕಂಪೆನಿಯದೋ, ವೈರಸ್ ಹಿಡಿದ ಕಂಪ್ಯೂಟರಿನದೋ, ಯಾರೋ ಇಡೀ ದಿನ ಸಿನಿಮಾ ಇಳಿಸಿಕೊಳ್ಳುತ್ತಿದ್ದಾರೋ ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ. ಅಂದಾಜಿನ ಮೇಲೆ ಒಬ್ಬರತ್ತ ಬೆರಳು ತೋರಿಸುವುದೂ ಉಂಟು.

ಜಾಲದಲ್ಲಿ ಹರಿಯುವ ಸಂಚಾರವನ್ನು ಯಂತ್ರದ ಮೂಲಕವೇ ನೋಡುವ ವ್ಯವಸ್ಥೆಗಳಿವೆ. ಅವುಗಳಲ್ಲಿ ಮುಖ್ಯವಾದವು ಎರಡು: ಸ್ವಿಚ್ಚಿನ ಕನ್ನಡಿ ಪೋರ್ಟ್ ಮತ್ತು ಟ್ಯಾಪ್. ಇವು ಹೇಗೆ ಕೆಲಸ ಮಾಡುತ್ತವೆ, ಎಷ್ಟರ ಮಟ್ಟಿಗೆ ತೋರಿಸುತ್ತವೆ, ಇವುಗಳನ್ನು ಬಳಸುವಾಗ ಪಾಲಿಸಬೇಕಾದ ಮರ್ಯಾದೆ ಏನು ಎಂಬುದನ್ನು ಈ ಲೇಖನದಲ್ಲಿ ಸರಳವಾಗಿ ವಿವರಿಸಲು ಪ್ರಯತ್ನಿಸಿದ್ದೇವೆ.

ಅರಳಗುಪ್ಪೆಯಂಥ ಊರಿಗೆ ಬರುವ ಬೆಳಕು

ವಿಷಯವನ್ನು ಅರ್ಥ ಮಾಡಿಕೊಳ್ಳಲು ಕರಾವಳಿಯಿಂದ ಘಟ್ಟ ಹತ್ತಿ ಒಳನಾಡಿಗೆ ಹೋಗೋಣ. ತುಮಕೂರು ಜಿಲ್ಲೆ ತಿಪಟೂರು ತಾಲೂಕಿನಲ್ಲಿ ಅರಳಗುಪ್ಪೆ ಎಂಬ ಊರಿದೆ. ಅರಸೀಕೆರೆಯಿಂದ ತುಮಕೂರಿನತ್ತ ರೈಲಿನಲ್ಲಿ ಹೋಗುವಾಗ ತಿಪಟೂರು ದಾಟಿದ ಮೇಲೆ ಈ ಹೆಸರಿನ ಚಿಕ್ಕ ನಿಲ್ದಾಣ ಸಿಗುತ್ತದೆ. ಒಂಬತ್ತನೇ ಶತಮಾನದ ಕಲ್ಲೇಶ್ವರ ದೇವಾಲಯ ಮತ್ತು ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯಗಳಿಂದ ಇತಿಹಾಸ ಬಲ್ಲವರಿಗೆ ಈ ಊರು ಪರಿಚಿತ. ಸುತ್ತಲೂ ತೆಂಗಿನ ತೋಟ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟು ಒಣಗಿಸಿ ಉಂಡೆ ಕೊಬ್ಬರಿ ಮಾಡುವುದು ಅಲ್ಲಿಯ ರೂಢಿ. ಆ ಕೊಬ್ಬರಿಯ ದೊಡ್ಡ ಮಾರುಕಟ್ಟೆ ತಿಪಟೂರಿನಲ್ಲಿದೆ. ಅಲ್ಲಿ ಈಗ ಕೊಬ್ಬರಿಗೆ ಆನ್‌ಲೈನ್ ಟೆಂಡರ್ ನಡೆಯುತ್ತದೆ. ಪಹಣಿ, ಇ-ಸ್ವತ್ತು ಮುಂತಾದ ದಾಖಲೆಗಳೂ ಕಂಪ್ಯೂಟರಿನಿಂದಲೇ ಬರುತ್ತವೆ. ಹೀಗಾಗಿ ಜಾಲ ನಿಂತರೆ ತೋಟದಲ್ಲಿ ದುಡಿಯುವ ರೈತನ ಕೆಲಸವೂ ನಿಲ್ಲುತ್ತದೆ.

ಇಂಥ ಊರುಗಳ ಗ್ರಾಮ ಪಂಚಾಯತಿ ಕಚೇರಿಗಳಿಗೆ ಅಂತರಜಾಲ ತಲುಪಿಸಲೆಂದೇ ಕೇಂದ್ರ ಸರಕಾರ 2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲದ ಯೋಜನೆಗೆ ಒಪ್ಪಿಗೆ ನೀಡಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯತಿಗಳನ್ನು ಮುಟ್ಟುವುದು ಇದರ ಗುರಿ. ಮೊದಲ ಹಂತದ ಒಂದು ಲಕ್ಷ ಪಂಚಾಯತಿಗಳ ಕೆಲಸ 2017ರ ಡಿಸೆಂಬರಿನಲ್ಲಿ ಮುಗಿಯಿತು.

ಈ ಯೋಜನೆಯಲ್ಲಿ ಹೆಚ್ಚಾಗಿ ಬಳಸಿರುವ ತಂತ್ರದ ಹೆಸರು ಜಿಪಾನ್. ತಾಲೂಕು ಮಟ್ಟದ ದೂರವಾಣಿ ಕೇಂದ್ರದಲ್ಲಿ ಒಂದು ಯಂತ್ರ ಕುಳಿತು ಗಾಜಿನ ಎಳೆಯೊಳಗೆ ಬೆಳಕನ್ನು ಕಳುಹಿಸುತ್ತದೆ. ದಾರಿಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಸಾಧನ ಆ ಬೆಳಕನ್ನು ಹಲವು ಕವಲುಗಳಾಗಿ ಸೀಳುತ್ತದೆ. ಸ್ಪ್ಲಿಟರಿಗೆ ವಿದ್ಯುತ್ ಬೇಡ, ಅದರಲ್ಲಿ ಬುದ್ಧಿ ಎಂಬುದೂ ಇಲ್ಲ. ತೋಟದ ಕಾಲುವೆಯ ನೀರು ಕವಲೊಡೆದು ಹರಿಯುವಂತೆ ಬೆಳಕು ಎಲ್ಲ ಕವಲಿಗೂ ಹಂಚಿಹೋಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಒಂದು ಪಂಚಾಯತಿಗೆಂದು ಹೊರಟ ಬೆಳಕು ಅದೇ ಕವಲಿನ ಅಕ್ಕಪಕ್ಕದ ಪಂಚಾಯತಿಗಳ ಪೆಟ್ಟಿಗೆಯನ್ನೂ ಮುಟ್ಟುತ್ತದೆ. ಪ್ರತಿಯೊಂದು ಪೆಟ್ಟಿಗೆಯೂ ತನ್ನ ಗುರುತಿನ ಸಂಖ್ಯೆ ಇರುವುದನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಬಿಟ್ಟುಬಿಡುತ್ತದೆ. ಕುತೂಹಲಕ್ಕೆ ಯಾರಾದರೂ ನೆರೆಯವರದನ್ನು ಓದದಿರಲಿ ಎಂದು ಕೇಂದ್ರದಿಂದ ಕೆಳಗೆ ಬರುವ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ಏರ್ಪಾಡು ಜಿಪಾನ್ ನಿಯಮಗಳಲ್ಲೇ ಇದೆ. ಮೇಲಕ್ಕೆ ಹೋಗುವ ದಾರಿಯಲ್ಲಿ ಒಬ್ಬರ ಮಾತು ಇನ್ನೊಬ್ಬರದಕ್ಕೆ ಡಿಕ್ಕಿಯಾಗದಂತೆ ಸರದಿ ಇರುತ್ತದೆ.

ಹೀಗೆ ಬೆಳಕನ್ನು ಸೀಳಿದರೆ ಅದೇ ಮಾಹಿತಿಯ ಇನ್ನೊಂದು ಪ್ರತಿ ಸಿಗುತ್ತದೆ. ಜಾಲವನ್ನು ಕಾಯುವ ಟ್ಯಾಪ್ ನಿಂತಿರುವುದು ಇದೇ ತತ್ವದ ಮೇಲೆ. ಅದಕ್ಕೆ ಮೊದಲು ಕಚೇರಿಯೊಳಗಿನ ಸ್ವಿಚ್ಚಿನ ಕಥೆ ತಿಳಿಯಬೇಕು.

ಹಬ್ ಹೋಗಿ ಸ್ವಿಚ್ ಬಂದ ಕಥೆ

ಇಂದಿಗೂ ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿರುವ ಈಥರ್‌ನೆಟ್ ಎಂಬ ಜಾಲಪದ್ಧತಿ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಕಂಪೆನಿಯ ಸಂಶೋಧನಾ ಕೇಂದ್ರದಲ್ಲಿ. ಅಂದು ಎಲ್ಲ ಕಂಪ್ಯೂಟರ್‌ಗಳೂ ಒಂದೇ ದಪ್ಪ ತಂತಿಗೆ ಕೂಡಿಕೊಂಡಿದ್ದವು. ಒಬ್ಬರು ಮಾತಾಡಿದರೆ ಅದು ಎಲ್ಲರಿಗೂ ಕೇಳುತ್ತಿತ್ತು. ಆಮೇಲೆ ಬಂದ ಹಬ್ ಎಂಬ ಪೆಟ್ಟಿಗೆಯೂ ಹೀಗೆಯೇ: ಒಂದು ಬಾಯಿಯಿಂದ ಬಂದುದನ್ನು ಉಳಿದೆಲ್ಲ ಬಾಯಿಗಳಿಗೂ ಕೂಗಿ ಹೇಳುತ್ತಿತ್ತು. ಆಗ ಜಾಲದ ಸಂಚಾರ ನೋಡುವುದು ಸುಲಭವಿತ್ತು. ಯಾವುದಾದರೊಂದು ಬಾಯಿಗೆ ಕಂಪ್ಯೂಟರ್ ಜೋಡಿಸಿ ಕಿವಿಗೊಟ್ಟು ಕುಳಿತರೆ ಸಾಕಿತ್ತು. ಕದ್ದು ಕೇಳುವವರಿಗೂ ಅಷ್ಟೇ ಸುಲಭವಿತ್ತು.

1990ರಲ್ಲಿ ಇದನ್ನು ಬದಲಿಸಿದ ಕಂಪೆನಿಯ ಹೆಸರು ಕನ್ನಡಿಗರ ಕಿವಿಗೂ ಹಿತವಾದದ್ದು: ಕಲ್ಪನಾ. ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಅಮೆರಿಕದಲ್ಲಿ ಕಟ್ಟಿದ ಈ ಕಂಪೆನಿಗೆ ಭಾರದ್ವಾಜರ ಪತ್ನಿಯ ಹೆಸರನ್ನೇ ಇಡಲಾಗಿತ್ತು. ಈಥರ್‌ನೆಟ್‌ನ ಮೊದಲ ಸ್ವಿಚ್ಚನ್ನು ಮಾರುಕಟ್ಟೆಗೆ ತಂದದ್ದು ಇವರೇ. 1994ರಲ್ಲಿ ಸಿಸ್ಕೊ ಕಂಪೆನಿ ಕಲ್ಪನಾವನ್ನು ಕೊಂಡುಕೊಂಡಿತು.

ಸ್ವಿಚ್ ಹಬ್ಬಿನಂತೆ ಕೂಗುವುದಿಲ್ಲ. ಪ್ರತಿ ಕಂಪ್ಯೂಟರಿನ ಜಾಲ ಕಾರ್ಡಿಗೂ ಮ್ಯಾಕ್ ವಿಳಾಸ ಎಂಬ 48 ಬಿಟ್‌ಗಳ ಗುರುತು ಇರುತ್ತದೆ. ಯಾವ ಪೋರ್ಟಿನಲ್ಲಿ ಯಾವ ವಿಳಾಸವಿದೆ ಎಂಬುದನ್ನು ಸ್ವಿಚ್ ತಾನೇ ಕಲಿತು ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಮೂರನೇ ಪೋರ್ಟಿನ ಕಂಪ್ಯೂಟರ್ ಏಳನೇ ಪೋರ್ಟಿನ ಪ್ರಿಂಟರಿಗೆ ಕಳುಹಿಸಿದ್ದು ಏಳಕ್ಕೇ ಹೋಗುತ್ತದೆ, ಐದರಲ್ಲಿದ್ದವರಿಗೆ ಅದರ ಸುಳಿವೂ ಸಿಗುವುದಿಲ್ಲ. ವಿಳಾಸ ಇನ್ನೂ ಗೊತ್ತಿಲ್ಲದಾಗ ಅಥವಾ 'ಎಲ್ಲರಿಗೂ' ಎಂದು ಬರೆದ ಸಂದೇಶ ಬಂದಾಗ ಮಾತ್ರ ಅದು ಎಲ್ಲ ಕಡೆಗೂ ಕಳುಹಿಸುತ್ತದೆ.

ಇದರಿಂದ ವೇಗ ಹೆಚ್ಚಿತು, ಗುಟ್ಟೂ ಉಳಿಯಿತು. ಆದರೆ ಜಾಲದ ಆರೋಗ್ಯ ನೋಡಿಕೊಳ್ಳಬೇಕಾದ ವ್ಯಕ್ತಿಗೆ ಕಣ್ಣು ಕಟ್ಟಿದಂತಾಯಿತು. ತನ್ನ ಕಂಪ್ಯೂಟರಿನಲ್ಲಿ ಎಂಥ ಒಳ್ಳೆಯ ತಂತ್ರಾಂಶ ಹಾಕಿಕೊಂಡರೂ ಅವನಿಗೆ ಕಾಣುವುದು ತನ್ನದೇ ಸಂಚಾರ. ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶವನ್ನು ಮೊದಲ ಬಾರಿ ಹಾಕಿಕೊಂಡ ಅನೇಕರು 'ಬೇರೆ ಯಾರದೂ ಕಾಣುತ್ತಿಲ್ಲವಲ್ಲ' ಎಂದು ಕೇಳುವುದು ಇದೇ ಕಾರಣಕ್ಕೆ. ತಂತ್ರಾಂಶದಲ್ಲಿ ದೋಷವಿಲ್ಲ. ಸ್ವಿಚ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ ಅಷ್ಟೇ.

ಕನ್ನಡಿ ಪೋರ್ಟ್

ಈ ಕಟ್ಟನ್ನು ಬಿಚ್ಚುವ ಮೊದಲ ದಾರಿ ಸ್ವಿಚ್ಚಿನೊಳಗೇ ಇದೆ. ಒಂದು ಪೋರ್ಟಿನಲ್ಲಿ ಹೋಗಿ ಬರುವ ಎಲ್ಲವನ್ನೂ ನಕಲು ಮಾಡಿ ಇನ್ನೊಂದು ಪೋರ್ಟಿಗೆ ಕೊಡು ಎಂದು ಸ್ವಿಚ್ಚಿಗೆ ಆಜ್ಞೆ ಮಾಡಬಹುದು. ಇದಕ್ಕೆ ಪೋರ್ಟ್ ಮಿರರಿಂಗ್ ಎನ್ನುತ್ತಾರೆ. ಸಿಸ್ಕೊ ಕಂಪೆನಿಯ ಸ್ವಿಚ್ಚುಗಳಲ್ಲಿ ಇದಕ್ಕೆ ಸ್ಪ್ಯಾನ್ ಎಂಬ ಹೆಸರಿದೆ. ನಕಲು ಬೀಳುವ ಪೋರ್ಟನ್ನು ನಾವು ಕನ್ನಡಿ ಪೋರ್ಟ್ ಎಂದು ಕರೆಯೋಣ.

ಎಲ್ಲ ಸ್ವಿಚ್ಚಿಗೂ ಈ ಶಕ್ತಿ ಇಲ್ಲ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ, ತಂತಿ ಸಿಕ್ಕಿಸಿದರೆ ಸಾಕು ಎನ್ನುವ ಸಾದಾ ಸ್ವಿಚ್ಚುಗಳಿಗೆ ಆಜ್ಞೆ ಕೊಡುವ ದಾರಿಯೇ ಇರುವುದಿಲ್ಲ. 'ಮ್ಯಾನೇಜ್ಡ್' ಅಥವಾ 'ಸ್ಮಾರ್ಟ್' ಎಂದು ಬರೆದಿರುವ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಇದು ಇರುತ್ತದೆ. ಎಂಟು ಪೋರ್ಟಿನ ಚಿಕ್ಕ ಸ್ಮಾರ್ಟ್ ಸ್ವಿಚ್ ಇಂದು ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ಬ್ರೌಸರಿನಲ್ಲಿ ಅದರ ಪುಟ ತೆರೆದು, ಪಾಸ್‌ವರ್ಡ್ ಕೊಟ್ಟು, ಯಾವ ಪೋರ್ಟಿನ ನಕಲು ಯಾವ ಪೋರ್ಟಿಗೆ ಎಂದು ಆರಿಸಿದರೆ ಮುಗಿಯಿತು.

ಯಾವ ಪೋರ್ಟನ್ನು ನಕಲು ಮಾಡಬೇಕು? ಹೆಚ್ಚಿನ ಕಚೇರಿಗಳಲ್ಲಿ ಉತ್ತರ ಒಂದೇ: ರೌಟರಿಗೆ ಹೋಗುವ ಪೋರ್ಟ್. ಹೊರಗೆ ಹೋಗುವುದೂ ಒಳಗೆ ಬರುವುದೂ ಅಲ್ಲಿಂದಲೇ ಹಾಯಬೇಕು. ರೌಟರಿನ ಒಳಬದಿಯಲ್ಲಿ ನೋಡಿದರೆ ಯಾವ ಕಂಪ್ಯೂಟರಿನಿಂದ ಎಷ್ಟು ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ. ಹೊರಬದಿಯಲ್ಲಿ ನೋಡಿದರೆ ಸಾಮಾನ್ಯವಾಗಿ ಎಲ್ಲ ಕಂಪ್ಯೂಟರ್‌ಗಳೂ ಒಂದೇ ವಿಳಾಸದ ಹಿಂದೆ ಅಡಗಿರುತ್ತವೆ, ಯಾರದು ಏನು ಎಂದು ಬಿಡಿಸಲಾಗದು.

ಕನ್ನಡಿಗೂ ಮಿತಿ ಇದೆ. ಒಂದು ಗಿಗಾಬಿಟ್ ಪೋರ್ಟಿನಲ್ಲಿ ಹೋಗುವ ದಿಕ್ಕಿಗೆ ಸೆಕೆಂಡಿಗೆ 1 ಗಿಗಾಬಿಟ್, ಬರುವ ದಿಕ್ಕಿಗೆ 1 ಗಿಗಾಬಿಟ್ ಹರಿಯಬಹುದು. ಎರಡೂ ತುಂಬಿದರೆ ಒಟ್ಟು 2. ಕನ್ನಡಿ ಪೋರ್ಟ್ ಹೊರಗೆ ಕೊಡಬಲ್ಲದ್ದು 1 ಮಾತ್ರ. ಉಳಿದುದನ್ನು ಸ್ವಿಚ್ ಸದ್ದಿಲ್ಲದೆ ಕೈಬಿಡುತ್ತದೆ. ತಂತಿಯ ದೋಷದಿಂದ ಮುರಿದು ಬಂದ ತುಣುಕುಗಳನ್ನು ಸ್ವಿಚ್ ಮೊದಲೇ ಎಸೆಯುವುದರಿಂದ ಅವೂ ಕನ್ನಡಿಯಲ್ಲಿ ಕಾಣುವುದಿಲ್ಲ. ಹಾಗೆಂದು ಸಣ್ಣ ಕಚೇರಿಯವರು ಹೆದರಬೇಕಿಲ್ಲ. ಸೆಕೆಂಡಿಗೆ 100 ಮೆಗಾಬಿಟ್‌ನ ಸಂಪರ್ಕ ಇರುವಲ್ಲಿ ಎರಡೂ ದಿಕ್ಕು ತುಂಬಿದರೂ 200 ಮೆಗಾಬಿಟ್ ಆಗುತ್ತದೆ. ಗಿಗಾಬಿಟ್ ಕನ್ನಡಿಗೆ ಅದು ದೊಡ್ಡ ಹೊರೆಯಲ್ಲ.

ಟ್ಯಾಪ್ ಎಂದರೇನು?

ಎರಡನೆಯ ದಾರಿ ಟ್ಯಾಪ್. ನೀರಿನ ಕೊಳವೆಗೆ ನಲ್ಲಿ ಕೂರಿಸುವಂತೆ, ಎರಡು ಯಂತ್ರಗಳ ನಡುವಿನ ತಂತಿಯನ್ನು ಕತ್ತರಿಸಿ ಮಧ್ಯದಲ್ಲಿ ಇಡುವ ಪ್ರತ್ಯೇಕ ಸಾಧನ ಇದು. ಮುಖ್ಯ ಹರಿವು ಹಾಗೆಯೇ ಮುಂದೆ ಹೋಗುತ್ತದೆ, ಅದರ ಪ್ರತಿ ಪಕ್ಕದ ಬಾಯಿಯಿಂದ ಹೊರಬರುತ್ತದೆ. ಹೋಗುವ ದಿಕ್ಕಿಗೊಂದು, ಬರುವ ದಿಕ್ಕಿಗೊಂದು ಎಂದು ಎರಡು ಬಾಯಿ ಇರುವುದರಿಂದ ಕನ್ನಡಿ ಪೋರ್ಟಿನಂತೆ ತುಂಬಿ ಚೆಲ್ಲುವ ತೊಂದರೆ ಇಲ್ಲ. ಮುರಿದ ತುಣುಕುಗಳೂ ಕಾಣುತ್ತವೆ.

ಗಾಜಿನ ಎಳೆಗೆ ಹಾಕುವ ಟ್ಯಾಪ್, ಮೇಲೆ ಪಂಚಾಯತಿಯ ದಾರಿಯಲ್ಲಿ ಹೇಳಿದ ಸ್ಪ್ಲಿಟರ್ ಅಲ್ಲದೆ ಬೇರೇನಲ್ಲ. ಬೆಳಕನ್ನು ಅರ್ಧರ್ಧವಾಗಿಯೋ 70ಕ್ಕೆ 30ರಂತೆಯೋ ಸೀಳುತ್ತದೆ. ವಿದ್ಯುತ್ ಬೇಕಿಲ್ಲದ್ದರಿಂದ ಕರೆಂಟ್ ಹೋದರೂ ಮುಖ್ಯ ದಾರಿ ನಿಲ್ಲುವುದಿಲ್ಲ. ಆದರೆ ಲೆಕ್ಕ ಬೇಕು. ಅರ್ಧ ಬೆಳಕು ಬೇರೆಡೆಗೆ ಹೋದರೆ ಮುಂದಿನ ಯಂತ್ರಕ್ಕೆ ತಲುಪುವುದೂ ಅರ್ಧವೇ. ತಂತ್ರಜ್ಞರ ಭಾಷೆಯಲ್ಲಿ ಸುಮಾರು 3 ಡೆಸಿಬೆಲ್ ನಷ್ಟ. ದೂರದ ದಾರಿಯಲ್ಲಿ ಮೊದಲೇ ಬೆಳಕು ಸೊರಗಿದ್ದರೆ ಟ್ಯಾಪ್ ಹಾಕಿದೊಡನೆ ಸಂಪರ್ಕವೇ ಕಡಿಯಬಹುದು.

ತಾಮ್ರದ ತಂತಿಯ ಗಿಗಾಬಿಟ್ ಜಾಲದಲ್ಲಿ ಕೆಲಸ ಸ್ವಲ್ಪ ಕಷ್ಟ. ಅಲ್ಲಿ ಎರಡೂ ಕಡೆಯವರು ನಾಲ್ಕು ಜೋಡಿ ತಂತಿಗಳಲ್ಲಿ ಏಕಕಾಲಕ್ಕೆ ಮಾತಾಡುತ್ತಾರೆ. ಸುಮ್ಮನೆ ತಂತಿ ಕವಲೊಡೆಸಿದರೆ ಏನೂ ಅರ್ಥವಾಗದು, ಮಾತು ಬಿಡಿಸುವ ವಿದ್ಯುನ್ಮಾನ ಬೇಕು. ಆದುದರಿಂದ ಇಂಥ ಟ್ಯಾಪಿಗೆ ವಿದ್ಯುತ್ ಬೇಕು. ವಿದ್ಯುತ್ ಹೋದಾಗ ಎರಡು ಬದಿಗಳನ್ನು ನೇರವಾಗಿ ಕೂಡಿಸುವ ರಿಲೇ ಒಳ್ಳೆಯ ಟ್ಯಾಪುಗಳಲ್ಲಿ ಇರುತ್ತದೆ. ಆಗಲೂ ಒಂದು ಕ್ಷಣ ಸಂಪರ್ಕ ತಪ್ಪುತ್ತದೆ.

ದೊಡ್ಡ ಬ್ಯಾಂಕು, ದತ್ತಾಂಶ ಕೇಂದ್ರ, ದೂರಸಂಪರ್ಕ ಸಂಸ್ಥೆಗಳಲ್ಲಿ ಹತ್ತಾರು ಟ್ಯಾಪುಗಳಿರುತ್ತವೆ. ಅವುಗಳಿಂದ ಬರುವ ಪ್ರತಿಗಳನ್ನೆಲ್ಲ ಒಟ್ಟುಗೂಡಿಸಿ, ಬೇಡದ್ದನ್ನು ಸೋಸಿ, ಪರೀಕ್ಷಿಸುವ ಯಂತ್ರಗಳಿಗೆ ಹಂಚಲು ಅಲ್ಲಿ ಬೇರೆಯೇ ಸ್ವಿಚ್ಚುಗಳಿವೆ. ಇವುಗಳಿಗೆ ಪ್ಯಾಕೆಟ್ ಬ್ರೋಕರ್ ಎಂಬ ಹೆಸರುಂಟು. ಇವು ಕಚೇರಿಯ ಕೆಲಸದ ಸಂಚಾರವನ್ನು ಹೊರುವುದಿಲ್ಲ, ನಕಲುಗಳನ್ನು ಮಾತ್ರ ಹೊರುತ್ತವೆ. ನಮ್ಮ ಶಾಲೆ, ಕಚೇರಿಗಳಿಗೆ ಇವುಗಳ ಅಗತ್ಯವಿಲ್ಲ.

ಲೆಕ್ಕ ಸಾಕು, ಓದು ಬೇಡ

ಸಂಚಾರದ ಪೂರ್ತಿ ನಕಲು ತೆಗೆಯುವುದೊಂದೇ ದಾರಿಯಲ್ಲ. ಸ್ಮಾರ್ಟ್ ಸ್ವಿಚ್ ಪ್ರತಿಯೊಂದು ಪೋರ್ಟಿನಲ್ಲಿ ಎಷ್ಟು ಹೋಯಿತು, ಎಷ್ಟು ಬಂತು, ಎಷ್ಟು ತುಣುಕು ಕೆಟ್ಟಿತು ಎಂಬ ಲೆಕ್ಕವನ್ನು ಸದಾ ಇಡುತ್ತದೆ. ಎಸ್‌ಎನ್‌ಎಂಪಿ ಎಂಬ ಹಳೆಯ ಪದ್ಧತಿಯಿಂದ ಈ ಲೆಕ್ಕವನ್ನು ಐದು ನಿಮಿಷಕ್ಕೊಮ್ಮೆ ಓದಿ ನಕ್ಷೆ ಬಿಡಿಸುವ ಉಚಿತ ತಂತ್ರಾಂಶಗಳಿವೆ. ಇನ್ನೂ ವಿವರ ಬೇಕಾದವರಿಗೆ ನೆಟ್‌ಫ್ಲೋ, ಎಸ್‌ಫ್ಲೋ ಎಂಬ ಪದ್ಧತಿಗಳಿವೆ. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ಎಂಬ ಪಟ್ಟಿಯನ್ನು ಇವು ಕೊಡುತ್ತವೆ.

ನಮ್ಮ ಬಹುಪಾಲು ತೊಂದರೆಗಳಿಗೆ ಈ ಲೆಕ್ಕವೇ ಸಾಕು. ರಾತ್ರಿ ಎರಡು ಗಂಟೆಗೆ ಬಾಗಿಲು ಮುಚ್ಚಿದ ಶಾಲೆಯ ಕ್ಯಾಮೆರಾ ಎಡೆಬಿಡದೆ ಹೊರಗೆ ಏನನ್ನೋ ಕಳುಹಿಸುತ್ತಿದ್ದರೆ ಅದು ನಕ್ಷೆಯಲ್ಲೇ ಎದ್ದು ಕಾಣುತ್ತದೆ. ಒಂದೇ ತಂತಿಯ ಎರಡೂ ತುದಿಯನ್ನು ಯಾರೋ ತಿಳಿಯದೆ ಅದೇ ಸ್ವಿಚ್ಚಿಗೆ ಸಿಕ್ಕಿಸಿದರೆ ಸಂದೇಶಗಳು ಸುತ್ತುತ್ತಲೇ ಇದ್ದು ಇಡೀ ಜಾಲ ಕುಸಿಯುತ್ತದೆ. ಇದೂ ಪೋರ್ಟಿನ ಲೆಕ್ಕದಲ್ಲಿ ತಕ್ಷಣ ಗೊತ್ತಾಗುತ್ತದೆ. ಎರಡೂ ಕಡೆ ಯಾರ ಪತ್ರವನ್ನೂ ತೆರೆದು ಓದಬೇಕಾಗಿ ಬರಲಿಲ್ಲ ಎಂಬುದನ್ನು ಗಮನಿಸಿ.

ಏನು ಕಾಣುತ್ತದೆ, ಏನು ಕಾಣುವುದಿಲ್ಲ?

ಪೂರ್ತಿ ನಕಲು ತೆಗೆದರೂ ಇಂದು ಎಲ್ಲವೂ ಕಾಣುವುದಿಲ್ಲ. ಬ್ಯಾಂಕ್, ಮಿಂಚಂಚೆ, ವಾಟ್ಸಾಪ್ ಮುಂತಾದ ಹೆಚ್ಚಿನ ಸಂಚಾರ ಈಗ ಗೂಢಲಿಪಿಯಲ್ಲೇ ಹರಿಯುತ್ತದೆ. ಬ್ರೌಸರಿನ ವಿಳಾಸದಲ್ಲಿ 'ಎಚ್‌ಟಿಟಿಪಿಎಸ್' ಎಂದಿದ್ದರೆ ಒಳಗಿನ ವಿಷಯ ನಡುದಾರಿಯಲ್ಲಿ ನಿಂತವರಿಗೆ ತಿಳಿಯದು. ಅಂಚೆಯಣ್ಣನಿಗೆ ಲಕೋಟೆಯ ಒಳಗಿನದು ತಿಳಿಯುವುದಿಲ್ಲ, ಮೇಲಿನ ವಿಳಾಸ, ದಪ್ಪ, ಬಂದ ದಿನ ತಿಳಿಯುತ್ತದೆ. ಇಲ್ಲಿಯೂ ಹಾಗೆಯೇ: ಯಾವ ಕಂಪ್ಯೂಟರ್, ಯಾವ ತಾಣದ ಜೊತೆ, ಎಷ್ಟು ಹೊತ್ತು, ಎಷ್ಟು ಪ್ರಮಾಣ ಎಂಬುದು ಬಹುಮಟ್ಟಿಗೆ ಕಾಣುತ್ತದೆ.

ಅಷ್ಟೇ ತಾನೇ ಎಂದು ಹಗುರವಾಗಿ ನೋಡುವಂತಿಲ್ಲ. ಸಿಬ್ಬಂದಿಯೊಬ್ಬರು ಪ್ರತಿದಿನ ಮಧ್ಯಾಹ್ನ ಕ್ಯಾನ್ಸರ್ ಆಸ್ಪತ್ರೆಯ ತಾಣ ನೋಡುತ್ತಾರೆ, ಇನ್ನೊಬ್ಬರು ಸಾಲ ಕೊಡುವ ತಾಣಕ್ಕೆ ಹೋಗುತ್ತಾರೆ, ಮತ್ತೊಬ್ಬರು ಬೇರೆ ಕೆಲಸ ಹುಡುಕುತ್ತಿದ್ದಾರೆ. ಪತ್ರ ತೆರೆಯದೆಯೇ ಇಷ್ಟೆಲ್ಲ ತಿಳಿದುಹೋಗುತ್ತದೆ. ನೊಂದವರು, ಕುಟುಂಬದ ಸಮಸ್ಯೆ ಹೇಳಿಕೊಳ್ಳುವವರು, ಸಹಾಯ ಕೇಳುವವರು ನಮ್ಮ ಕಚೇರಿಗಳಿಗೆ ಬರುತ್ತಾರೆ. ಅವರು ಇಟ್ಟ ನಂಬಿಕೆ ಈ ತಂತಿಗಳಲ್ಲೂ ಹರಿಯುತ್ತಿರುತ್ತದೆ.

2017ರ ಜುಲೈ ಕಲಿಸಿದ ಪಾಠ

ಕರ್ನಾಟಕದವರು ಮರೆಯಬಾರದ ಒಂದು ಘಟನೆ ಇದೆ. 2017ರ ಜುಲೈ ಕೊನೆಯಲ್ಲಿ ಬಿಎಸ್‌ಎನ್‌ಎಲ್ ಕರ್ನಾಟಕ ವಲಯದ ಸಾವಿರಾರು ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ದುಷ್ಟ ತಂತ್ರಾಂಶದ ದಾಳಿಗೆ ಸಿಕ್ಕಿ ಕೆಲಸ ನಿಲ್ಲಿಸಿದವು. ಸುಮಾರು 60 ಸಾವಿರ ಮೋಡೆಮ್‌ಗಳಿಗೆ ತೊಂದರೆಯಾಯಿತೆಂದು ಆಗ ವರದಿಯಾಗಿತ್ತು. ಕಾರ್ಖಾನೆಯಿಂದ ಬಂದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನೇ ಗ್ರಾಹಕರು ಬದಲಿಸದೆ ಉಳಿಸಿಕೊಂಡಿದ್ದ ಮೋಡೆಮ್‌ಗಳು ಇದಕ್ಕೆ ಬಲಿಯಾಗಿದ್ದವು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರನ್ನು ಕೇಳಿಕೊಂಡಿತು. ಅದಕ್ಕೆ ಮೊದಲು, 2016ರಲ್ಲಿ, ಮಿರಾಯ್ ಎಂಬ ತಂತ್ರಾಂಶ ಜಗತ್ತಿನಾದ್ಯಂತ ಕ್ಯಾಮೆರಾ ಮತ್ತು ರೌಟರ್‌ಗಳನ್ನು ಇದೇ ದಾರಿಯಿಂದ ವಶಪಡಿಸಿಕೊಂಡು ದೊಡ್ಡ ದಾಳಿಗಳಿಗೆ ಬಳಸಿತ್ತು.

ಸ್ಮಾರ್ಟ್ ಸ್ವಿಚ್ಚಿಗೂ ಇಂಥದೇ ಪಾಸ್‌ವರ್ಡ್ ಇರುತ್ತದೆ. ಅದನ್ನು ಬದಲಿಸದೆ ಬಿಟ್ಟರೆ ಒಳಗೆ ನುಗ್ಗಿದವರು ಯಾರೇ ಆಗಲಿ ತಮಗೆ ಬೇಕಾದಲ್ಲಿ ಕನ್ನಡಿ ಪೋರ್ಟ್ ಮಾಡಿಕೊಳ್ಳಬಹುದು. ಕಾವಲಿಗೆಂದು ತಂದ ಸಾಧನವೇ ಕಳ್ಳನ ಕಿಟಕಿಯಾಗುತ್ತದೆ. ಸಾದಾ ಸ್ವಿಚ್ ತಾನಾಗಿ ಯಾರಿಗೂ ಏನನ್ನೂ ತೋರಿಸುವುದಿಲ್ಲ. ಕನ್ನಡಿ ಪೋರ್ಟ್ ಇದೆ ಎಂದರೆ ಯಾರೋ ಒಬ್ಬರು ಉದ್ದೇಶಪಟ್ಟು ಅದನ್ನು ಮಾಡಿದ್ದಾರೆ ಎಂದೇ ಅರ್ಥ. ಆ 'ಯಾರೋ' ಯಾರು ಎಂಬುದು ಸಂಸ್ಥೆಗೆ ತಿಳಿದಿರಬೇಕು.

ನೋಡುವ ಹಕ್ಕು ಯಾರಿಗೆ?

ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ ಪ್ರಕಾರ ಜಾಲದ ಒಡೆಯರ ಅಥವಾ ಹೊಣೆಗಾರರ ಅನುಮತಿ ಇಲ್ಲದೆ ಅದನ್ನು ಪ್ರವೇಶಿಸುವುದು, ಅದರಿಂದ ಮಾಹಿತಿ ನಕಲು ಮಾಡುವುದು ತಪ್ಪು. ದುರುದ್ದೇಶದಿಂದ ಮಾಡಿದ್ದರೆ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಸರಕಾರಕ್ಕೂ ಸಂಚಾರದ ಮೇಲೆ ನಿಗಾ ಇಡಲು ಇದೇ ಕಾಯಿದೆಯ 69 ಮತ್ತು 69ಬಿ ವಿಧಿಗಳ ಕ್ರಮವನ್ನು ಪಾಲಿಸಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಮಾತನ್ನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು: ಖಾಸಗಿತನ ಪ್ರತಿಯೊಬ್ಬ ವ್ಯಕ್ತಿಯ ಮೂಲಭೂತ ಹಕ್ಕು. ಈ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಮ್ಮ ನಾಡಿಗೆ ಹೆಮ್ಮೆಯ ವಿಷಯ. ಅದರ ನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಹದಿನೆಂಟು ವರ್ಷ ತುಂಬದವರನ್ನು ಈ ಕಾಯಿದೆ ಮಕ್ಕಳೆಂದು ಗಣಿಸಿ ಅವರ ಮಾಹಿತಿಗೆ ವಿಶೇಷ ರಕ್ಷಣೆ ನೀಡುತ್ತದೆ. ಶಾಲೆ ನಡೆಸುವವರು ಇದನ್ನು ತಪ್ಪದೆ ತಿಳಿದಿರಬೇಕು.

ಕಾನೂನಿನ ಮಾತು ಬದಿಗಿಟ್ಟರೂ ಸಾಮಾನ್ಯ ಮರ್ಯಾದೆಯೊಂದಿದೆ. ಸಂಸ್ಥೆಯ ಜಾಲವನ್ನು ಕಾಯುವುದು ಸಂಸ್ಥೆಯ ಕರ್ತವ್ಯ. ಆದರೆ ಕಾಯುತ್ತಿದ್ದೇವೆ ಎಂಬುದನ್ನು ಬಳಸುವವರಿಗೆ ಮುಂಚಿತವಾಗಿ ಹೇಳಬೇಕು. ಹೇಳದೆ ನೋಡಿದರೆ ಅದು ಕಾವಲಲ್ಲ, ಕದ್ದು ನೋಡುವುದು.

ನಮ್ಮ ಕಚೇರಿ, ಶಾಲೆಗಳಿಗೆ ಕೆಲವು ಸಲಹೆಗಳು

1. ಯಾವ ತಂತಿ ಯಾವ ಪೋರ್ಟಿಗೆ ಎಂಬ ಚಿತ್ರವನ್ನು ಒಂದು ಹಾಳೆಯಲ್ಲಿ ಬರೆದಿಡಿ. ತಂತಿಗಳಿಗೆ ಚೀಟಿ ಅಂಟಿಸಿ. ಅರ್ಧ ಸಮಸ್ಯೆ ಇದರಿಂದಲೇ ಬಗೆಹರಿಯುತ್ತದೆ.

2. ಮುಂದೆ ಸ್ವಿಚ್ ಕೊಳ್ಳುವಾಗ ಮುಖ್ಯ ಸ್ವಿಚ್ಚನ್ನಾದರೂ ಸ್ಮಾರ್ಟ್ ಬಗೆಯದನ್ನು ಕೊಳ್ಳಿ. ಉಳಿದ ಕೋಣೆಗಳಿಗೆ ಸಾದಾ ಸ್ವಿಚ್ ಸಾಕು.

3. ಸ್ವಿಚ್, ರೌಟರ್, ಕ್ಯಾಮೆರಾಗಳ ಕಾರ್ಖಾನೆ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ಹೊಸದನ್ನು ಬರೆದು ಮುಚ್ಚಿದ ಲಕೋಟೆಯಲ್ಲಿ ಸಂಸ್ಥೆಯ ಮುಖ್ಯಸ್ಥರ ಬಳಿ ಇಡಿ. ತಂತ್ರಜ್ಞರು ಕೆಲಸ ಬಿಟ್ಟು ಹೋದಾಗ ಮತ್ತೆ ಬದಲಿಸಿ.

4. ಸ್ವಿಚ್ ಇರುವ ಪೆಟ್ಟಿಗೆಗೆ ಬೀಗ ಹಾಕಿ. ಟ್ಯಾಪ್ ಹಾಕಲು ಪಾಸ್‌ವರ್ಡ್ ಬೇಡ, ತಂತಿ ಕೈಗೆ ಸಿಕ್ಕರೆ ಸಾಕು. ಗುರುತಿಲ್ಲದ ಸಾಧನ ತಂತಿಯ ನಡುವೆ ಕಂಡರೆ ವಿಚಾರಿಸಿ.

5. ಮೊದಲು ಪೋರ್ಟಿನ ಲೆಕ್ಕ ನೋಡಿ. ಅದರಿಂದ ಉತ್ತರ ಸಿಗದಿದ್ದರೆ ಮಾತ್ರ ಕನ್ನಡಿ ಪೋರ್ಟ್ ಬಳಸಿ. ಕಾರಣ, ಆರಂಭದ ದಿನ, ಮುಗಿದ ದಿನ, ಮಾಡಿದವರ ಹೆಸರು ಇಷ್ಟನ್ನು ಪುಸ್ತಕದಲ್ಲಿ ಬರೆಯಿರಿ. ಕೆಲಸ ಮುಗಿದ ಕೂಡಲೇ ಕನ್ನಡಿ ತೆಗೆದು ನಕಲನ್ನು ಅಳಿಸಿ.

6. ಒಬ್ಬರೇ ನೋಡುವುದು ಬೇಡ. ಪೂರ್ತಿ ನಕಲು ತೆರೆಯುವಾಗ ಜವಾಬ್ದಾರಿಯುತರಾದ ಇಬ್ಬರು ಜೊತೆಗಿರಲಿ.

7. ಅತಿಥಿಗಳ ವೈ-ಫೈ, ಮಕ್ಕಳ ಕಂಪ್ಯೂಟರ್ ಕೊಠಡಿ, ಕಚೇರಿಯ ಲೆಕ್ಕಪತ್ರದ ಕಂಪ್ಯೂಟರ್ ಇವನ್ನು ಬೇರೆ ಬೇರೆ ಜಾಲಗಳಾಗಿ ವಿಂಗಡಿಸಿ. ಸ್ಮಾರ್ಟ್ ಸ್ವಿಚ್ಚಿನಲ್ಲಿ ವಿಲ್ಯಾನ್ ಎಂಬ ಸೌಲಭ್ಯದಿಂದ ಇದು ಸಾಧ್ಯ.

8. ಜಾಲದ ಮೇಲೆ ನಿಗಾ ಇದೆ ಎಂಬ ಸೂಚನೆಯನ್ನು ಸರಳ ಕನ್ನಡದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಹಾಕಿ.

ತಿಪಟೂರಿನ ಪಂಚಾಯತಿ ಕಚೇರಿಯಾಗಲಿ, ಕರಾವಳಿಯ ಶಾಲೆಯಾಗಲಿ, ಜಾಲ ಕೆಡುವ ರೀತಿಯೂ ಅದನ್ನು ಕಾಯುವ ರೀತಿಯೂ ಒಂದೇ. ಮೇಲಿನ ಸಲಹೆಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಿಲ್ಲ. ಒಂದು ಹಾಳೆ, ಒಂದು ಪುಸ್ತಕ, ಒಂದು ಬೀಗ ಸಾಕು. ಈ ವಾರ ಬಿಡುವು ಮಾಡಿಕೊಂಡು ನಿಮ್ಮ ಕಚೇರಿಯ ಸ್ವಿಚ್ ಎಲ್ಲಿದೆ, ಅದರ ಪಾಸ್‌ವರ್ಡ್ ಯಾರ ಬಳಿ ಇದೆ ಎಂಬ ಎರಡು ಪ್ರಶ್ನೆಗಳನ್ನಾದರೂ ಕೇಳಿ ನೋಡಿ. ಉತ್ತರ ತಕ್ಷಣ ಸಿಗದಿದ್ದರೆ ಕೆಲಸವನ್ನು ಅಲ್ಲಿಂದಲೇ ಆರಂಭಿಸಬೇಕೆಂದು ನಮ್ಮ ವಿನಂತಿ.